ಗಸ್ಸಿಯ ಮನೆ

ನ್ಯೂಯಾರ್ಕಿನ ಇಕ್ಕಟ್ಟಾದ ವಸತಿಯಲ್ಲಿ ಬೇಸತ್ತ ಜಾಹೀರಾತು ಬರಹಗಾರನೊಬ್ಬನು ಕನೆಕ್ಟಿಕಟ್ ಪ್ರಾಂತದ ಹಳ್ಳಿಗಾಡಿನಲ್ಲಿ ಹಳೆಯ ಮನೆಯೊಂದನ್ನು ಕೊಂಡು, ಅದು ವಾಸಯೋಗ್ಯವಲ್ಲವೆಂದು ತಿಳಿದಮೇಲೆ ಕೆಡವಿಸಿ, ಹೊಸದನ್ನು ಕಟ್ಟಿಸಹೊರಟು ಪಡುವ ಪಾಡೇ 1948ರಲ್ಲಿ ತೆರೆಕಂಡ ‘ಮಿಸ್ಟರ್ ಬ್ಲಾಂಡಿಂಗ್ಸ್ ಬಿಲ್ಡ್ಸ್ ಹಿಸ್ ಡ್ರೀಮ್ ಹೌಸ್’ ಎಂಬ ಅಮೆರಿಕದ ಚಿತ್ರದ ವಸ್ತು. ‘ಮನೆ ಕಟ್ಟಿ ನೋಡು’ ಎಂಬ ನಮ್ಮ ಗಾದೆಯನ್ನು ಬಲ್ಲವರಿಗೆ ಅದರ ಹಾಸ್ಯವನ್ನು ವಿವರಿಸಬೇಕಾಗಿಲ್ಲ. ಕ್ಯಾರಿ ಗ್ರಾಂಟ್ ಮತ್ತು ಮಿರ್ನಾ ಲಾಯ್ ಇವರ ಅಭಿನಯವು ಇಂದಿಗೂ ಆಹ್ಲಾದಕರವಾಗಿದೆ.

ಆದರೆ ಆ ಸಂಸಾರದಲ್ಲಿ ಗಸ್ಸಿ ಎಂಬ ಕಪ್ಪು ವರ್ಣದ ಅಡುಗೆಯವಳೊಬ್ಬಳಿದ್ದಾಳೆ. ಡಬ್ಬಿಯಲ್ಲಿ ತುಂಬಿ ಮಾರುವ ಹಂದಿಮಾಂಸಕ್ಕೆ ಘೋಷವಾಕ್ಯವೊಂದನ್ನು ರಚಿಸಲಾರದೆ ಯಜಮಾನನು ಉದ್ಯೋಗದ ಆಸೆಯನ್ನೇ ಬಿಟ್ಟಿರುವಾಗ, ಉಪಾಹಾರವನ್ನು ಬಡಿಸುತ್ತ ಅವಳು ಸಹಜವಾಗಿ ಆಡಿದ ಪ್ರಾಸಬದ್ಧ ಮಾತೇ ಆತನಿಗೆ ಬೇಕಾದ ವಾಕ್ಯವಾಗುತ್ತದೆ. ಹೀಗೆ ಮನೆಯನ್ನೂ ಮಾನವನ್ನೂ ಉಳಿಸಿಕೊಟ್ಟವಳಿಗೆ ದೊರೆಯುವ ಪ್ರತಿಫಲ ಹತ್ತು ಡಾಲರ್ ಸಂಬಳದ ಏರಿಕೆ. ಅವಳಿಗೆ ಸಂಸಾರವುಂಟೆ, ತನ್ನದೆಂಬ ಸೂರುಂಟೆ ಎಂದು ಚಿತ್ರವು ವಿಚಾರಿಸುವುದೇ ಇಲ್ಲ.

ಈ ಪಾತ್ರವನ್ನು ವಹಿಸಿದ ಲೂಯೀಸ್ ಬೀವರ್ಸ್ ಚಿತ್ರರಂಗವನ್ನು ಪ್ರವೇಶಿಸುವ ಮೊದಲು ನಟಿಯೊಬ್ಬಳ ಪರಿಚಾರಿಕೆಯಾಗಿದ್ದವರು. 1934ರ ‘ಇಮಿಟೇಷನ್ ಆಫ್ ಲೈಫ್’ ಚಿತ್ರದಲ್ಲಿ ಅವರು ಅಭಿನಯಿಸಿದ ಡಿಲೈಲಾಳ ದೋಸೆಹಿಟ್ಟಿನ ಪಾಕವು ಬಿಳಿಯ ಒಡತಿಯನ್ನು ಶ್ರೀಮಂತಳನ್ನಾಗಿ ಮಾಡುತ್ತದೆ. ಇನ್ನು ನೀನು ಸ್ವಂತ ಮನೆಯನ್ನು ಮಾಡಿಕೊಳ್ಳಬಹುದೆಂದು ಒಡತಿ ಹೇಳಿದರೆ, ಡಿಲೈಲಾ ಗಾಬರಿಗೊಂಡು, ತನಗೆ ಮನೆ ಬೇಡ, ಒಡತಿಯ ಸೇವೆಯೇ ಸಾಕೆಂದು ಬೇಡಿಕೊಳ್ಳುತ್ತಾಳೆ. ಇದನ್ನು ಬರೆದವರಿಗೆ ಇಂತಹ ಸ್ತ್ರೀಯರ ಅಂತರಂಗವು ಎಷ್ಟುಮಾತ್ರವೂ ಗೋಚರವಾಗಿರಲಿಲ್ಲವೆಂದೇ ನಾನು ಭಾವಿಸುತ್ತೇನೆ. ಏಕೆಂದರೆ ಆ ಮಾತನ್ನು ತೆರೆಯಮೇಲೆ ಆಡಿದ ಬೀವರ್ಸ್ ತಾವು ಲಾಸ್ ಏಂಜಲಿಸ್ ನಗರದಲ್ಲಿ, ‘ಶುಗರ್ ಹಿಲ್’ ಎಂದು ಹೆಸರಾದ ಭವ್ಯ ಬಡಾವಣೆಯಲ್ಲಿ, ಹ್ಯಾಟಿ ಮೆಕ್‌ಡೇನಿಯಲ್, ಎಥೆಲ್ ವಾಟರ್ಸ್ ಮೊದಲಾದ ಕಲಾವಿದೆಯರ ನೆರೆಯಲ್ಲಿ ನೆಲೆಸಿದ್ದರು. ಬಿಳಿಯರಲ್ಲದವರಿಗೆ ಮನೆಯನ್ನು ಮಾರಕೂಡದೆಂಬ ಕರಾರು ಅಲ್ಲಿನ ಕ್ರಯಪತ್ರಗಳಲ್ಲಿದ್ದುದನ್ನು ಹಿಡಿದು, ಈ ನಿವಾಸಿಗಳನ್ನು ಹೊರಗಟ್ಟಬೇಕೆಂದು ಕೆಲವರು ಬಿಳಿಯ ನೆರೆಯವರು ದಾವೆ ಹೂಡಿದರು. ಲೋರೆನ್ ಮಿಲ್ಲರ್ ಎಂಬ ಕಪ್ಪು ವರ್ಣದ ನ್ಯಾಯವಾದಿಯು ನಿವಾಸಿಗಳ ಪರವಾಗಿ ವಾದಿಸಿದನು. ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಸ್ವತಃ ಆ ಬೀದಿಗಳನ್ನು ನೋಡಿಬಂದು, ಸಂವಿಧಾನದ 14ನೆಯ ತಿದ್ದುಪಡಿಯ ಆಧಾರದಿಂದ, 1945ರ ಡಿಸೆಂಬರಿನಲ್ಲಿ ಆ ದಾವೆಯನ್ನು ತಳ್ಳಿಹಾಕಿದನು. ಬ್ಲಾಂಡಿಂಗ್ಸ್ ಚಿತ್ರವು ಬಂದ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ‘ಶೆಲ್ಲಿ ವಿರುದ್ಧ ಕ್ರೇಮರ್’ ಮೊಕದ್ದಮೆಯಲ್ಲಿ, ಇಂತಹ ಕರಾರುಗಳನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಲಾಗದೆಂದು ತೀರ್ಪಿತ್ತಿತು. ಅದರ ಹಿಂದೆಯೂ ಮಿಲ್ಲರನ ಶ್ರಮವಿತ್ತು.

ಇದೇ ಚಿತ್ರದ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ ಚೀನಾದಲ್ಲಿ ಹುಟ್ಟಿ, ಎಳವೆಯಲ್ಲಿಯೇ ಅಮೆರಿಕವನ್ನು ಸೇರಿದವನು. ಚೀನೀಯರಿಗೆ ಪೌರತ್ವವನ್ನು ನಿಷೇಧಿಸಿದ್ದ ಕಾನೂನು ರದ್ದಾದದ್ದು 1943ರಲ್ಲಿ. ಬಿಳಿಯ ಲೇಖಕಿ ಸನೋರಾ ಬ್ಯಾಬ್ ಜೊತೆಗಿನ ಆತನ ವಿವಾಹಕ್ಕೆ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿದ್ದ ಅಡ್ಡಿ ತೊಲಗಿದ್ದು, ಈ ಚಿತ್ರವು ತೆರೆಕಂಡ ಕೆಲವು ತಿಂಗಳುಗಳಮೇಲೆ. ಬ್ಲಾಂಡಿಂಗ್ಸ್ ದಂಪತಿಗಳ ನಿಶ್ಚಿಂತ ದಾಂಪತ್ಯವನ್ನು ಅಷ್ಟು ಪ್ರಸನ್ನವಾದ ಬೆಳಕಿನಲ್ಲಿ ಸೆರೆಹಿಡಿದವನ ಸ್ವಂತ ದಾಂಪತ್ಯಕ್ಕೆ ಆಗ ಅಲ್ಲಿ ಮನ್ನಣೆಯಿರಲಿಲ್ಲ.

ನ್ಯಾಯಾಲಯಗಳು ತೆರೆದ ಬಾಗಿಲನ್ನು ಚಿತ್ರೋದ್ಯಮವು ತೆರೆಯಲು ಅವಸರಪಡಲಿಲ್ಲ. 1952ರಲ್ಲಿ ‘ಬ್ಯೂಲಾ’ ಎಂಬ ದೂರದರ್ಶನ ಮಾಲಿಕೆಯ ನಾಯಕಿಯಾಗಿ ಬೀವರ್ಸ್ ಅವರನ್ನು ಆರಿಸಿಕೊಂಡಾಗಲೂ, ಆ ನಾಯಕಿಯು ಬಿಳಿಯರ ಮನೆಯ ಕೆಲಸದವಳೇ ಆಗಿದ್ದಳು.