ಪೈಲಟ್ ವೃತ್ತಿ: ಬಂಡವಾಳ ಹೂಡುವ ಮುನ್ನ

ಅಂಗಡಿಯನ್ನೋ ಕಾರ್ಖಾನೆಯನ್ನೋ ಮುಂದಿನ ಪೀಳಿಗೆಗೆ ವಹಿಸಿಕೊಡುವುದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಉದ್ಯಮಿ ಕುಟುಂಬಗಳ ಹಳೆಯ ರೂಢಿ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಸೇವೆ ಆರಂಭಿಸಿ ವಿಮಾನ ಪ್ರಯಾಣವನ್ನು ಮಧ್ಯಮವರ್ಗದ ಕೈಗೆಟುಕಿಸಿದ ಮೇಲೆ, ಮಕ್ಕಳ ಕನಸುಗಳ ಸಾಲಿನಲ್ಲಿ ಪೈಲಟ್ ವೃತ್ತಿಯೂ ಸೇರಿತು. ತರಬೇತಿಯ ವೆಚ್ಚ 50 ಲಕ್ಷ ರೂಪಾಯಿ ದಾಟುವುದು ಇಂದು ಸಾಮಾನ್ಯ. ಸಣ್ಣ ಘಟಕವೊಂದನ್ನು ಸ್ಥಾಪಿಸಬಹುದಾದಷ್ಟು ಹಣ ಬೇಡುವ ಈ ವೃತ್ತಿಯನ್ನು ಉದ್ಯಮಿಯ ದೃಷ್ಟಿಯಿಂದಲೇ ಪರಿಶೀಲಿಸುವುದು ಉಚಿತ.

ಪರವಾನಗಿಯೇ ಉದ್ಯೋಗವಲ್ಲ

ವಾಣಿಜ್ಯ ಪೈಲಟ್ ಪರವಾನಗಿಗೆ ಲಿಖಿತ ಪರೀಕ್ಷೆ, ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಹಾಗೂ ಕನಿಷ್ಠ 200 ಗಂಟೆಗಳ ಹಾರಾಟ ಅಗತ್ಯ. ಹವಾಮಾನ, ಬೋಧಕರ ಕೊರತೆ ಅಥವಾ ವಿಮಾನದ ದುರಸ್ತಿಯಿಂದ ತರಬೇತಿ ತಡವಾದಷ್ಟೂ ಸಾಲದ ಬಡ್ಡಿ ಬೆಳೆಯುತ್ತದೆ. ಪರವಾನಗಿ ದೊರೆತ ಮೇಲೂ ಏರ್‌ಬಸ್ 320ರಂತಹ ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ಸಹ ಪೈಲಟ್ ಆಗಿ ಸೇರಿದವರು 1,500 ಗಂಟೆಗಳ ಅನುಭವದೊಂದಿಗೆ ಉನ್ನತ ಪರವಾನಗಿ ಪಡೆದು, ಸಂಸ್ಥೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಸ್ಥಾನ ತೆರವಾದಾಗ ಕಮಾಂಡರ್ ಆಗುತ್ತಾರೆ. ದೊಡ್ಡ ಸಂಬಳ ಆರಂಭವಾಗುವುದು ಆ ಹಂತದಲ್ಲಿ.

ಗಂಟೆ ಲೆಕ್ಕದ ವೇತನ

ಪೈಲಟ್‌ನ ವರಮಾನ ಬಹುಮಟ್ಟಿಗೆ ಹಾರಾಟದ ಗಂಟೆಗಳನ್ನು ಅವಲಂಬಿಸಿದೆ. ಯಂತ್ರ ಓಡಿದಷ್ಟು ಕೂಲಿ ಎಂಬ ತತ್ತ್ವ ನಮ್ಮ ಸದಸ್ಯರಿಗೆ ಹೊಸದೇನಲ್ಲ. 2024ರಲ್ಲಿ ವಿಸ್ತಾರ ಸಂಸ್ಥೆಯು ಏರ್ ಇಂಡಿಯಾದೊಡನೆ ವಿಲೀನಕ್ಕೆ ಸಿದ್ಧವಾಗುತ್ತಿದ್ದಾಗ, ತಿಂಗಳಿಗೆ 70 ಗಂಟೆಗಳಿಗೆ ಇದ್ದ ಖಾತರಿ ವೇತನವನ್ನು 40 ಗಂಟೆಗಳಿಗೆ ಇಳಿಸುವ ಒಪ್ಪಂದ ಮುಂದಿಟ್ಟಿತು. ಪೈಲಟ್‌ಗಳು ಅಸಮಾಧಾನಗೊಂಡರು, ಏಪ್ರಿಲ್ ಆರಂಭದಲ್ಲಿ ಹಲವಾರು ವಿಮಾನಗಳು ರದ್ದಾದವು.

ಸಂಸ್ಥೆ ಮುಗ್ಗರಿಸಿದರೆ

ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ, ಬಳಿಕ ಏರ್ ಡೆಕ್ಕನ್ ಅನ್ನೂ ತನ್ನೊಳಗೆ ಸೇರಿಸಿಕೊಂಡಿತು. ಸಾಲದ ಹೊರೆ ಹೆಚ್ಚಿದಂತೆ ಸಿಬ್ಬಂದಿಯ ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯಿತು. 2012ರ ಅಕ್ಟೋಬರ್‌ನಲ್ಲಿ ಸೇವೆ ನಿಂತಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು. ಹೀಗೆ ಕೆಲಸ ಕಳೆದುಕೊಂಡವರು ಬೇರೆ ಮಾದರಿಯ ವಿಮಾನವಿರುವ ಸಂಸ್ಥೆಗೆ ಸೇರಬೇಕಾದರೆ ಮರುತರಬೇತಿ ಪಡೆಯಬೇಕು. ಸಂಬಳ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಇನ್ನು ತಾವಾಗಿಯೇ ಬೇರೆಡೆಗೆ ಹೋಗಬಯಸುವವರಿಗೂ ದಾರಿ ಸುಲಭವಲ್ಲ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕಮಾಂಡರ್‌ಗಳಿಗೆ ಒಂದು ವರ್ಷ, ಸಹ ಪೈಲಟ್‌ಗಳಿಗೆ ಆರು ತಿಂಗಳ ಪೂರ್ವಸೂಚನೆಯನ್ನು ನಿಗದಿಪಡಿಸಿತು.

ವಿಶ್ರಾಂತಿಯ ಬೆಲೆ

ಆಯಾಸಗೊಂಡ ಪೈಲಟ್ ಪ್ರಯಾಣಿಕರಿಗೆ ಅಪಾಯ. ಈ ಕಾರಣದಿಂದ 2025ರಲ್ಲಿ ಹಂತಹಂತವಾಗಿ ಜಾರಿಗೆ ಬಂದ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿದವು. ರಾತ್ರಿ ಪಾಳಿಯಲ್ಲಿ ವಿಮಾನ ಇಳಿಸುವ ಮಿತಿಯನ್ನು ಆರರಿಂದ ಎರಡಕ್ಕೆ ತಗ್ಗಿಸಿದವು. ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಸಿದ್ಧವಾಗಿರಿಸಿಕೊಳ್ಳದ ಇಂಡಿಗೋ ಡಿಸೆಂಬರ್ ತಿಂಗಳಲ್ಲಿ ಸಾವಿರಾರು ವಿಮಾನಗಳನ್ನು ರದ್ದುಪಡಿಸಿತು. ಬೆಂಗಳೂರಿನ ಪ್ರಯಾಣಿಕರೂ ನಿಲ್ದಾಣದಲ್ಲಿ ಪರದಾಡಿದರು. ಕೆಲಸಗಾರರ ವಿಶ್ರಾಂತಿಯನ್ನು ವೆಚ್ಚದ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳದಿದ್ದರೆ ಮುಂದೆ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಈ ಮಾತು ನಮ್ಮ ಘಟಕಗಳಿಗೂ ಅನ್ವಯಿಸುತ್ತದೆ.

ಪೋಷಕರು ಗಮನಿಸಬೇಕಾದುದು

ಶುಲ್ಕ ಪಾವತಿಸುವ ಮುನ್ನವೇ ವೈದ್ಯಕೀಯ ಪರೀಕ್ಷೆ ಮುಗಿಸುವುದು ಲೇಸು. ದೃಷ್ಟಿ ಅಥವಾ ಹೃದಯದ ದೋಷ ನಂತರ ಕಂಡುಬಂದರೆ ಹಣವೆಲ್ಲ ವ್ಯರ್ಥ. ಪರವಾನಗಿ ಸಿಕ್ಕ ಮೇಲೂ ಕೆಲಸಕ್ಕಾಗಿ ಕಾಯಬೇಕಾದ ಅವಧಿಯ ಬಡ್ಡಿಯನ್ನು ಬಂಡವಾಳದಲ್ಲಿ ಸೇರಿಸಿಕೊಳ್ಳಬೇಕು. ಮನೆಯನ್ನೋ ಅಂಗಡಿಯನ್ನೋ ಅಡಮಾನವಿಡುವವರು ಕುಟುಂಬದ ವ್ಯಾಪಾರಕ್ಕೆ ಬೇಕಾದ ದುಡಿಯುವ ಬಂಡವಾಳವನ್ನು ಮುಟ್ಟದಿರಲಿ. ಪದವಿಯೊಂದನ್ನು ಜೊತೆಯಲ್ಲೇ ಪಡೆದಿರುವುದು, ಆರೋಗ್ಯ ಕಾರಣದಿಂದ ಪರವಾನಗಿ ಕಳೆದುಕೊಂಡರೆ ಪರಿಹಾರ ನೀಡುವ ವಿಮೆ ಮಾಡಿಸುವುದು ವಿವೇಕದ ನಡೆ. ವೃತ್ತಿ ಗೌರವದ್ದು, ಅವಕಾಶಗಳೂ ಉಂಟು. ಆದರೆ ಗಿರಾಕಿಯ ಹಣಕಾಸಿನ ಸ್ಥಿತಿ ವಿಚಾರಿಸದೆ ಉದ್ದರಿ ಕೊಡದ ವರ್ತಕರು, ಮಕ್ಕಳು ಸೇರಲಿರುವ ಸಂಸ್ಥೆಯ ಲೆಕ್ಕಪತ್ರವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು.