ಇಬ್ಬರು ಕೂಡಿ ಹಾರಿಸುವ ವಿದ್ಯೆ



ಪೈಲಟ್ ಆಗಬೇಕೆಂದು ಹೊರಟವರು ನಿಮ್ಮಲ್ಲೂ ಕೆಲವರಿದ್ದೀರಿ. 200 ಗಂಟೆಗಳ ಹಾರಾಟ ಮುಗಿಸಿ ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ ಅಪ್ಪನ ಉಳಿತಾಯ ಕರಗಿ, ಬ್ಯಾಂಕಿನ ಸಾಲ ಹೆಗಲೇರಿರುತ್ತದೆ. ಆಗ ಎದುರಾಗುವುದು ಎಂ.ಸಿ.ಸಿ., ಅಂದರೆ ಮಲ್ಟಿ ಕ್ರೂ ಕೋಆಪರೇಷನ್ ತರಬೇತಿ. ‘ಇನ್ನೂ ಖರ್ಚೇ?’ ಎಂದು ಮನೆಯವರು ಕೇಳುವುದು ಸಹಜ.

ಸಣ್ಣ ವಿಮಾನದಲ್ಲಿ ನೀವೊಬ್ಬರೇ ರಾಜರು. ದೊಡ್ಡ ಜೆಟ್ಟಿನಲ್ಲಿ ಹಾಗಲ್ಲ. ಒಬ್ಬರು ಹಾರಿಸಿದರೆ ಇನ್ನೊಬ್ಬರು ಕಣ್ಣಿಟ್ಟು ನೋಡುತ್ತಾರೆ, ತಪ್ಪು ಕಂಡರೆ ಹೇಳುತ್ತಾರೆ. ಹೇಳುವುದೂ ಕೇಳುವುದೂ ಇಲ್ಲಿ ಪ್ರಾಣದ ಪ್ರಶ್ನೆ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ತೀರಿಕೊಂಡರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಕ್ಯಾಪ್ಟನ್ ಕೇಳಲಿಲ್ಲ ಎಂದು ತನಿಖಾ ವರದಿ ಹೇಳಿತು. ಹಿರಿಯರಿಗೆ ಎದುರಾಡಬಾರದೆಂದು ಕಲಿತು ಬೆಳೆದ ನಮಗೆ ಈ ಪಾಠ ಇನ್ನಷ್ಟು ಮುಖ್ಯ. ಗೌರವ ಬಿಡದೆ, ಆದರೆ ಸ್ಪಷ್ಟವಾಗಿ ಹೇಳುವುದನ್ನು ಅಭ್ಯಾಸದಿಂದಲೇ ಕಲಿಯಬೇಕು.

ಹಾಗಾದರೆ ಕೈಗೆಟುಕುವ ಕೋರ್ಸನ್ನು ಆರಿಸುವುದು ಹೇಗೆ?

ಮೊದಲು, ನೀವು ಸೇರಬಯಸುವ ವಿಮಾನ ಕಂಪನಿ ಯಾವ ಸರ್ಟಿಫಿಕೇಟನ್ನು ಒಪ್ಪುತ್ತದೆಂದು ವಿಚಾರಿಸಿ. ಕಂಪನಿಯ ತರಬೇತಿಯಲ್ಲೇ ಇದು ಸೇರಿದ್ದರೆ ಎರಡು ಸಲ ದುಡ್ಡು ಕೊಡುವುದೇಕೆ?

ಎರಡನೆಯದಾಗಿ, ಗಂಟೆ ಲೆಕ್ಕ ಹಾಕಿ. ಐರೋಪ್ಯ ನಿಯಮದಂತೆ ಕನಿಷ್ಠ 25 ಗಂಟೆ ಪಾಠ, 20 ಗಂಟೆ ಸಿಮ್ಯುಲೇಟರ್ ಅಭ್ಯಾಸ ಬೇಕು. ಎ.ಪಿ.ಎಸ್. ಎಂಬ ಹೆಚ್ಚಿನ ದರ್ಜೆಯಲ್ಲಿ ಅಭ್ಯಾಸವೇ 40 ಗಂಟೆ. ಅದರ ಶುಲ್ಕ ಹೆಚ್ಚೆಂದು ಕಂಡರೂ ಗಂಟೆಗೆ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಿ.

ಮೂರನೆಯದಾಗಿ, ಶುಲ್ಕದಲ್ಲಿ ಏನೇನು ಸೇರಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ತೆರಿಗೆ, ಪುಸ್ತಕ, ಹೆಚ್ಚುವರಿ ಅಭ್ಯಾಸ, ಜೊತೆಗಾರ ಬಾರದಿದ್ದರೆ ಬದಲಿ ವ್ಯವಸ್ಥೆ, ಇವೆಲ್ಲ ಆಮೇಲೆ ಬಿಲ್ಲಿನಲ್ಲಿ ತಲೆಯೆತ್ತಬಾರದು. ಪರ ಊರಾದರೆ ಊಟ, ವಸತಿಯ ಖರ್ಚನ್ನೂ ಕೂಡಿಸಿ. ಪೂರ್ತಿ ಹಣವನ್ನು ಮುಂಗಡ ಕೊಡಬೇಡಿ.

ನಾಲ್ಕನೆಯದಾಗಿ, ಕಲಿಸುವವರನ್ನು ನೋಡಿ. ಜೆಟ್ ಹಾರಿಸಿದ ಅನುಭವ ಅವರಿಗಿದೆಯೇ? ಎರಡೂ ಆಸನಗಳ ಕೆಲಸ ನಿಮಗೆ ಸಮನಾಗಿ ಸಿಗುತ್ತದೆಯೇ? ಹಿಂದಿನ ತಂಡದ ಒಬ್ಬಿಬ್ಬರನ್ನು ಮಾತನಾಡಿಸಿ. ಹೊಳೆಯುವ ಸಿಮ್ಯುಲೇಟರಿಗಿಂತ ಒಳ್ಳೆಯ ಗುರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಇನ್ನೊಂದು ಮಾತು. ಕೆಲಸದ ಸುಳಿವೇ ಇಲ್ಲದಾಗ ಅವಸರದಿಂದ ಸೇರಬೇಡಿ. ವರ್ಷಗಟ್ಟಲೆ ಬಳಸದ ವಿದ್ಯೆ ಮರೆತುಹೋಗುತ್ತದೆ.

ಅಗ್ಗವೆಂದು ಮುಗ್ಗಲು ಜೋಳ ಕೊಂಡ ಹಾಗೆ ಆಗದಿರಲಿ. ಪಕ್ಕದಲ್ಲಿರುವ ಕ್ಯಾಪ್ಟನ್‌ಗೆ ‘ಸರ್, ಇದು ಸರಿಯಿಲ್ಲ’ ಎಂದು ಹೇಳುವ ಧೈರ್ಯವನ್ನು ಯಾವ ಕೋರ್ಸ್ ಕಲಿಸುತ್ತದೋ, ನಿಮ್ಮ ಅಪ್ಪ ಅಮ್ಮನ ದುಡ್ಡಿಗೆ ಅದೇ ತಕ್ಕ ಕೋರ್ಸ್. ನಿಮಗೆ ಶುಭವಾಗಲಿ.