ನೀರಿಳಿದಾಗ ಏಳುವ ನೆಲ

ನಮ್ಮೂರಿನ ಹೆಸರಿನಲ್ಲೇ ಕೆರೆ ಇದೆ. ನೀರಿರುವ ಭರವಸೆ ಮಾತ್ರ ಎಲ್ಲ ವರ್ಷವೂ ಇಲ್ಲ. ಸಿಂಗಟಗೆರೆ ಕಡೂರು ತಾಲ್ಲೂಕಿನ ಹೋಬಳಿ ಊರು. ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರ ಕಣ್ಣಿಗೆ ಕಾಫಿ, ಮಂಜು, ಜಲಪಾತ. ಅದೇ ಜಿಲ್ಲೆಯ ಒಣ ಮಗ್ಗುಲಿನಲ್ಲಿ ರಾಗಿ, ತೆಂಗು, ಬತ್ತಿದ ಬೋರು ನೆಚ್ಚಿಕೊಂಡವರು ನಾವು. ಅಂಥವರು ಏಪ್ರಿಲ್ ರಜೆಯಲ್ಲಿ ದ್ವೀಪ ನೋಡಲು ಹೊರಟರೆ ಓಣಿಯವರು ನಗದೆ ಇರುತ್ತಾರೆಯೇ?

"ಮಲ್ಪೆಗಾ ಚಿಕ್ಕಪ್ಪ?" ಎಂದ ಅಣ್ಣನ ಮಗ.

"ಅಲ್ಲ ಮರಿ, ಲಕ್ಕವಳ್ಳಿಗೆ."

ಅವನ ಮುಖ ಸಣ್ಣದಾಯಿತು. ಲಕ್ಕವಳ್ಳಿ ಅಂದರೆ ಅವನ ಲೆಕ್ಕದಲ್ಲಿ ಬರೀ ಡ್ಯಾಮು.

ಕಡೂರು, ಬೀರೂರು ದಾಟುವವರೆಗೂ ಕಿಟಕಿಯಿಂದ ಬಿಸಿಗಾಳಿ. ತರೀಕೆರೆಯಲ್ಲಿ ಟೀ ಕುಡಿದು ಪಶ್ಚಿಮಕ್ಕೆ ತಿರುಗಿದೆವು. ಅಡಿಕೆ ತೋಟಗಳ ನೆರಳು ರಸ್ತೆಗೆ ಬಿತ್ತು. ಆಮೇಲೆ ತೇಗ, ಬಿದಿರು. ಕೊನೆಗೆ ಮರಗಳ ಸಂದಿಯಲ್ಲಿ ಬೆಳ್ಳಿ ತಗಡು ಹಾಸಿದ ಹಾಗೆ ಭದ್ರೆಯ ಹಿನ್ನೀರು. ನನ್ನ ಅವ್ವ ಸೆರಗನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಇಷ್ಟು ನೀರಿಟ್ಕೊಂಡು ನಮ್ಮ ಕೆರೆಗೆ ಒಂದು ಚೊಂಬು ಬಿಡ್ಲಿಲ್ವಲ್ಲೋ" ಎಂದಳು. ಭದ್ರಾ ಮೇಲ್ದಂಡೆ ಯೋಜನೆ, ಅಜ್ಜಂಪುರದ ಸುರಂಗ ಎಂದೆಲ್ಲ ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡು ಸಾಕಾಗಿರಬೇಕು.

ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿದುಕೊಂಡು ದೋಣಿ ಹತ್ತಿದೆವು. ದಡ ಹಿಂದೆ ಸರಿದಂತೆ ಎದುರಿಗೆ ಒಂದೊಂದೇ ದ್ವೀಪ ಬಿಚ್ಚಿಕೊಂಡಿತು. ಕೆಲವು ಊರಗಲದ ಗುಡ್ಡಗಳು, ನೆತ್ತಿಯ ಮೇಲೆ ಮಾತ್ರ ಕಾಡು. ಕೆಲವು ನಮ್ಮ ಕಣದಷ್ಟು, ಹುಲ್ಲುಕಡ್ಡಿಯೂ ಇಲ್ಲದ ಕೆಂಪು ಬೋಳುಗಳು. ಪ್ರತಿಯೊಂದರ ಅಂಚಿಗೂ ನೀರು ಇಳಿಯುತ್ತ ಬಿಟ್ಟುಹೋದ ಗೆರೆಗಳು, ಮೆಟ್ಟಿಲು ಕೊರೆದ ಹಾಗೆ. ನಡುವೆ ಅಲ್ಲಲ್ಲಿ ಸತ್ತ ಮರಗಳ ಬೂದು ಬೊಡ್ಡೆಗಳು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ, ಒಗೆದ ಬಟ್ಟೆ ಒಣಹಾಕಿದಂತೆ ನಿಂತಿದ್ದವು.

ಇವು ಕಡಲಿನಿಂದ ಎದ್ದ ದ್ವೀಪಗಳಲ್ಲ, ಮುಳುಗಿದ ಕಣಿವೆಯ ಗುಡ್ಡಗಳ ನೆತ್ತಿಗಳು. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಗೆ ಇಲ್ಲಿ ಕಟ್ಟೆ ಹಾಕಿದಾಗ ಕಣಿವೆ ನೀರಿನಡಿ ಹೋಯಿತು, ನೆತ್ತಿಗಳು ಉಳಿದವು. ಸುತ್ತಲಿನ ಕಾಡು ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಮೀಸಲು ಪ್ರದೇಶವೂ ಹೌದು. ತುಂಬಿದರೆ ಜಲಾಶಯದ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಮಳೆಗಾಲದಲ್ಲಿ ಈ ಕಡೆಯ ಪತ್ರಿಕೆ ತೆರೆದವರು ಮೊದಲು ಹುಡುಕುವುದು ಆ ಅಡಿಯ ಲೆಕ್ಕವನ್ನೇ. ಡ್ಯಾಮಿನ ನೀರು ಸೋಕದ ನಮ್ಮೂರಿನಲ್ಲೂ ಅಂಗಡಿ ಕಟ್ಟೆಯ ಮೇಲೆ "ಭದ್ರಾ ಎಷ್ಟಾಯ್ತು?" ಎಂದು ಕೇಳುವವರಿದ್ದಾರೆ. ಏಕೋ ಗೊತ್ತಿಲ್ಲ, ನೀರು ಏರಿತೆಂದು ಕೇಳುವುದೇ ಒಂದು ಸುಖ.

ಹೀಗೆ ಹುಟ್ಟಿದಾಗಿನಿಂದ ಏರಲಿ ಏರಲಿ ಎಂದೇ ಬೇಡಿಕೊಂಡ ನನಗೆ, ಇಳಿಯಲಿ ಎಂದು ಕಾಯುವ ಜೀವವೂ ಉಂಟೆಂಬುದು ಆವತ್ತೇ ತಿಳಿದದ್ದು.

ದೋಣಿಯವನು ಎಂಜಿನ್ ತಗ್ಗಿಸಿ ಒಂದು ಬೋಳು ದ್ವೀಪದಿಂದ ದೂರದಲ್ಲೇ ನಿಲ್ಲಿಸಿದ. ಮೊದಲು ಕೇಳಿದ್ದು ಗದ್ದಲ, ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಚೌಕಾಸಿಗೆ ಇಳಿದಂಥದ್ದು. ಆಮೇಲೆ ಕಂಡವು ಹಕ್ಕಿಗಳು. ನೂರಾರು. ಬೂದು ಮೈ, ಕರಿ ಟೋಪಿ, ಅರಿಶಿನದಂಥ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ರೀವ. ಬೇಸಿಗೆಗೆ ನಾಲೆಗೆ ನೀರು ಬಿಟ್ಟಂತೆ ಇಲ್ಲಿ ಮಟ್ಟ ಇಳಿಯುತ್ತದೆ, ನೆಲ ಏಳುತ್ತದೆ, ಇವು ಮೊಟ್ಟೆಯಿಡಲು ಬರುತ್ತವೆ. ಕೆಳಗಿನ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಿದ್ದರೆ ಇಲ್ಲಿ ಮರಿ ಬೆಳೆಯುತ್ತದೆ.

ಗೂಡು ಎನ್ನುವಂಥದ್ದೇನೂ ಇಲ್ಲ. ಬರಿ ನೆಲದಲ್ಲಿ ಬೊಗಸೆಯಷ್ಟು ತಗ್ಗು, ಅದರಲ್ಲಿ ಎರಡು ಮೂರು ಮೊಟ್ಟೆ, ಮೈತುಂಬ ಮಚ್ಚೆ. ದುರ್ಬೀನು ಹಿಡಿದು ಹುಡುಕಿದರೂ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯಲಿಲ್ಲ. ಉರಿಬಿಸಿಲಿನಲ್ಲಿ ತಾಯಿಯೊಂದು ರೆಕ್ಕೆ ಸಡಿಲಿಸಿ ಮರಿಗಳಿಗೆ ನೆರಳಾಗಿ ಕೂತಿತ್ತು. ಗಂಡು ನೀರಿನ ಮೇಲೆ ಒಂದು ಕ್ಷಣ ತೂಗಿ ನಿಂತು, ಕಲ್ಲು ಬಿದ್ದಂತೆ ಬಿದ್ದು, ಬೆಳ್ಳನೆ ಮೀನಿನೊಂದಿಗೆ ಎದ್ದಿತು. ಅಣ್ಣನ ಮಗ ಮಲ್ಪೆಯನ್ನು ಮರೆತೇಬಿಟ್ಟಿದ್ದ.

"ಅಣ್ಣಾ, ಹತ್ರ ಹೋಗಿ" ಎಂದಳು ಹಿಂದಿನ ಸಾಲಿನ ಹೆಂಗಸು, ಮೊಬೈಲು ಎತ್ತಿ.

"ಇಲ್ಲಕ್ಕ. ಹಕ್ಕಿ ಎದ್ರೆ ಮೊಟ್ಟೆ ಬಿಸ್ಲಿಗೆ ಬೆಂದೋಗ್ತವೆ" ಎಂದ ಅವನು. ಗದರಲಿಲ್ಲ, ದೋಣಿಯನ್ನು ಹಿಂದಕ್ಕೆ ತಿರುಗಿಸಿದ, ಅಷ್ಟೆ. ಅಲ್ಲಿ ನನಗೆ ಹಿಡಿಸಿದ ಮನುಷ್ಯ ಅವನು. ಜಗತ್ತಿನಲ್ಲಿ ಈ ಹಕ್ಕಿ ಅಪಾಯದ ಪಟ್ಟಿ ಸೇರಿದೆ. ನದಿಯ ಮರಳುದಿಣ್ಣೆಗಳನ್ನು ನಾವು ಲಾರಿಗೆ ತುಂಬಿದ ಮೇಲೆ ಅದಕ್ಕೆ ಇಂಥ ಬೋಳುಗಳೇ ಗತಿ.

ಮರಳುವಾಗ ಅವ್ವ ಕೇಳಿದಳು: "ಮಳೆ ಬೇಗ ಹಿಡಿದ್ರೆ?"

"ನೀರು ಏರುತ್ತೆ. ಹಾರಲು ಕಲಿಯದ ಮರಿ ಹೋಗುತ್ತೆ."

ಅವ್ವ ಮಾತಾಡಲಿಲ್ಲ. ಬೀರೂರಿನ ಹತ್ತಿರ ಬಡಗಣ ದಿಕ್ಕಿನಲ್ಲಿ ಮಿಂಚಿತು. ಬೇರೆ ಯಾವ ವರ್ಷವಾದರೂ ಕೈಮುಗಿಯುತ್ತಿದ್ದವಳು, "ಇನ್ನೊಂದು ತಿಂಗಳು ತಡೆದು ಬರ್ಲಿ" ಎಂದಳು.

ನೋಡಬೇಕೆನಿಸಿದರೆ ಮೇ ಮುಗಿಯುವುದರೊಳಗೆ ಹೋಗಿಬನ್ನಿ. ಮುಂಗಾರು ಜೋರಾಯಿತೆಂದರೆ ಆ ಕೆಂಪು ಬೋಳುಗಳು ನೀರಿನಡಿ ಇರುತ್ತವೆ.